ಅಮೆರಿಕಾದ ಬಾರ್ಬೆಕ್ಯೂ: ಒಂದು ಪ್ರಾದೇಶಿಕ ಪರಿಶೀಲನೆ

ಒಂದು ದೇಶದ ಚರಿತ್ರೆಯನ್ನು ತಿಳಿಯಬೇಕಾದರೆ ಅಲ್ಲಿಯ ಆಳರಸರ ಸಾಲು, ಯುದ್ಧಗಳು, ಒಪ್ಪಂದಗಳು ಇವುಗಳನ್ನು ಓದುವುದು ವಾಡಿಕೆ. ಆದರೆ ಸಾಮಾನ್ಯ ಜನರು ಏನನ್ನು, ಯಾವ ಸೌದೆಯ ಮೇಲೆ, ಯಾರ ಕೈಯಿಂದ ಬೇಯಿಸಿಕೊಂಡು ಉಂಡರು ಎಂಬುದನ್ನು ವಿಚಾರಿಸಿದರೂ ಚರಿತ್ರೆಯ ಎಷ್ಟೋ ಸಂಗತಿಗಳು ಬೆಳಕಿಗೆ ಬರುತ್ತವೆ. ಇದಕ್ಕೆ ಒಳ್ಳೆಯ ನಿದರ್ಶನವೆಂದರೆ ಅಮೆರಿಕಾದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಹೆಸರಾದ ‘ಬಾರ್ಬೆಕ್ಯೂ’. ಮಾಂಸಾಹಾರವನ್ನು ಒಲ್ಲದ ವಾಚಕರು ಇದನ್ನು ಬರಿಯ ಅಡುಗೆಯ ವಿಷಯವೆಂದು ಬದಿಗಿಡದೆ ಚರಿತ್ರೆಯ ಪಾಠವೆಂದು ಓದಬೇಕಾಗಿ ಪ್ರಾರ್ಥನೆ.

ಆ ದೇಶದಲ್ಲಿ ಪ್ರವಾಸ ಮಾಡುವವನಿಗೆ ಒಂದು ವಿಚಿತ್ರ ಕಾಣುತ್ತದೆ. ಹೆಸರು ಒಂದೇ, ಆದರೆ ನೂರಿನ್ನೂರು ಮೈಲಿ ಹೋಗುವಷ್ಟರಲ್ಲಿ ತಟ್ಟೆಯಲ್ಲಿರುವ ಪದಾರ್ಥ ಬೇರೆಯಾಗುತ್ತದೆ. ಒಂದು ಊರಿನಲ್ಲಿ ಹಂದಿ, ಇನ್ನೊಂದರಲ್ಲಿ ದನ, ಮತ್ತೊಂದರಲ್ಲಿ ಕುರಿ. ಒಂದು ಕಡೆ ಹುಳಿಯಾದ ತೆಳು ಸಾಸು, ಇನ್ನೊಂದು ಕಡೆ ಸಿಹಿಯಾದ ಗಟ್ಟಿ ಸಾಸು. ಬೇರೊಂದು ಕಡೆ ಸಾಸನ್ನು ಕೇಳಿದರೆ ಅಂಗಡಿಯವನಿಗೆ ಅವಮಾನ. ಪ್ರತಿಯೊಂದು ಊರಿನವರೂ ತಮ್ಮದೇ ನಿಜವಾದ ಬಾರ್ಬೆಕ್ಯೂ ಎಂದು ವಾದಿಸುತ್ತಾರೆ. ಯಾವುದು ಹೆಚ್ಚು ರುಚಿ ಎಂಬ ಪ್ರಶ್ನೆಗೆ ಕೊನೆಯಿಲ್ಲ. ಈ ಭೇದಗಳು ಏಕೆ ಉಂಟಾದುವು ಎಂಬ ಪ್ರಶ್ನೆಗಾದರೋ ಉತ್ತರವುಂಟು. ಅದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

೧. ಪದವೂ ಪದ್ಧತಿಯೂ

ಕೆರಿಬಿಯನ್ ದ್ವೀಪಗಳಲ್ಲಿದ್ದ ಟೈನೋ ಎಂಬ ಮೂಲನಿವಾಸಿಗಳು ಕೋಲುಗಳಿಂದ ಅಟ್ಟಣಿಗೆ ಕಟ್ಟಿ, ಅದರ ಮೇಲೆ ಮೀನು ಮಾಂಸಗಳನ್ನಿಟ್ಟು, ಕೆಳಗೆ ಸಣ್ಣ ಬೆಂಕಿ ಮಾಡುತ್ತಿದ್ದರು. ಆ ಅಟ್ಟಣಿಗೆಯ ಹೆಸರನ್ನು ಸ್ಪೇನಿನವರು ೧೬ನೆಯ ಶತಮಾನದಲ್ಲಿ ‘ಬಾರ್ಬಕೋವ’ ಎಂದು ಬರೆದುಕೊಂಡರು. ಅದೇ ಇಂಗ್ಲಿಷಿಗೆ ಬಂದು ಬಾರ್ಬೆಕ್ಯೂ ಆಯಿತು. ೧೮ನೆಯ ಶತಮಾನದ ವೇಳೆಗೆ ವರ್ಜೀನಿಯ ಪ್ರಾಂತದಲ್ಲಿ ಇದು ಅಡುಗೆಯ ಹೆಸರಾಗಿದ್ದಂತೆಯೇ ಔತಣದ ಹೆಸರೂ ಆಗಿದ್ದಿತು. ಜಾರ್ಜ್ ವಾಷಿಂಗ್ಟನ್ನರು ೧೭೬೯ರ ಮೇ ತಿಂಗಳ ದಿನಚರಿಯಲ್ಲಿ, ತಾವು ಅಲೆಕ್ಸಾಂಡ್ರಿಯ ಪಟ್ಟಣದ ಬಾರ್ಬೆಕ್ಯೂಗೆ ಹೋಗಿ ರಾತ್ರಿ ಅಲ್ಲಿಯೇ ತಂಗಿದುದನ್ನು ಗುರುತುಹಾಕಿದ್ದಾರೆ. ಮುಂದೆ ಸ್ವಾತಂತ್ರ್ಯದಿನದ ಸಮಾರಂಭಕ್ಕೂ ಚುನಾವಣೆಯ ಭಾಷಣಗಳಿಗೂ ಜನರನ್ನು ಕೂಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲವೆಂದಾಯಿತು.

ಇಂದು ಅಮೆರಿಕಾದ ಅನೇಕ ಕಡೆ ಹಿತ್ತಲಲ್ಲಿ ಇದ್ದಿಲ ಮೇಲೆ ಮಾಂಸವನ್ನು ಬೇಗನೆ ಸುಡುವುದಕ್ಕೂ ಈ ಹೆಸರನ್ನೇ ಬಳಸುತ್ತಾರೆ. ದಕ್ಷಿಣದವರು ಇದನ್ನು ಒಪ್ಪುವುದಿಲ್ಲ. ಅವರ ಮತದಲ್ಲಿ ಬಾರ್ಬೆಕ್ಯೂ ಎಂದರೆ ಸಣ್ಣ ಬೆಂಕಿ, ಸೌದೆಯ ಹೊಗೆ, ಬಹಳ ಹೊತ್ತು—ಈ ಮೂರೂ ಕೂಡಿರಬೇಕು.

೨. ಬೆಂಕಿಯು ಮಾಡುವ ಕೆಲಸ

ಇಷ್ಟು ಹೊತ್ತು ಬೇಯಿಸುವುದಕ್ಕೆ ಶಾಸ್ತ್ರೀಯವಾದ ಕಾರಣವಿದೆ. ಪ್ರಾಣಿಯ ಹೆಗಲು, ಎದೆ ಮುಂತಾದ ಭಾಗಗಳು ಸದಾ ದುಡಿಯುವಂಥವು. ಆದುದರಿಂದ ಅವುಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಚ್ಚು. ಬೇಗನೆ ಬೇಯಿಸಿದರೆ ಅವು ಅಗಿಯಲು ಬಾರವು. ಆದರೆ ಸುಮಾರು ೧೦೫ರಿಂದ ೧೨೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಆ ನಾರು ಕರಗಿ ಜೆಲಾಟಿನ್ ಆಗುತ್ತದೆ. ಮಾಂಸ ಬೆರಳಿಗೆ ಬಿಡಿಸಿಕೊಳ್ಳುವಷ್ಟು ಮೆತ್ತಗಾಗುತ್ತದೆ. ದನದ ಎದೆಯ ಭಾಗಕ್ಕೆ ಹತ್ತು ಹನ್ನೆರಡು ಗಂಟೆ ಹಿಡಿಯುವುದುಂಟು. ಇಡೀ ಹಂದಿಗೆ ಒಂದು ರಾತ್ರಿಯೇ ಬೇಕು.

ನಡುವೆ ಒಂದು ಪರೀಕ್ಷೆಯ ಕಾಲ ಬರುತ್ತದೆ. ಮಾಂಸದ ಒಳಗಿನ ಶಾಖ ೬೫ ರಿಂದ ೭೫ ಡಿಗ್ರಿಯ ನಡುವೆ ಎಲ್ಲಿಯೋ ನಿಂತು, ಗಂಟೆಗಟ್ಟಲೆ ಮೇಲೇರುವುದೇ ಇಲ್ಲ. ಮೇಲ್ಮೈಯ ತೇವ ಆವಿಯಾಗುತ್ತಾ ಶಾಖವನ್ನು ಕೊಂಡೊಯ್ಯುವುದೇ ಇದಕ್ಕೆ ಕಾರಣ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ನಿಯಮದಿಂದ. ಅನುಭವವಿಲ್ಲದವನು ಆಗ ಗಾಬರಿಯಿಂದ ಬೆಂಕಿ ಹೆಚ್ಚಿಸಿ ಕೆಲಸ ಕೆಡಿಸುತ್ತಾನೆ, ಬಲ್ಲವನು ಕಾಯುತ್ತಾನೆ. ಹೊಗೆಯದೂ ಒಂದು ಕೆಲಸವಿದೆ. ಸೌದೆಯಲ್ಲಿರುವ ಲಿಗ್ನಿನ್ ಎಂಬ ವಸ್ತು ಉರಿಯಲ್ಲಿ ಒಡೆದು ಹಲವು ಸುವಾಸನೆಯ ದ್ರವ್ಯಗಳಾಗುತ್ತದೆ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸದ ಬಣ್ಣದ್ರವ್ಯದೊಡನೆ ಸೇರಿ, ಅಂಚಿನಲ್ಲಿ ಗುಲಾಬಿ ಬಣ್ಣದ ಉಂಗುರವನ್ನು ಬಿಡಿಸುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮೆತ್ತನೆಯ, ಬೆಲೆಯುಳ್ಳ ಭಾಗಗಳಿಗೆ ಈ ಶ್ರಮ ಬೇಕಿಲ್ಲ. ಒರಟಾದ, ಅಗ್ಗದ ಭಾಗಗಳನ್ನು ಸವಿಯಾಗಿ ಮಾಡಿಕೊಳ್ಳುವುದಕ್ಕೆ ಇದು ತಕ್ಕ ವಿದ್ಯೆ.

೩. ಎರಡು ಕರೋಲಿನಗಳು

ಪ್ರವಾಸಿಯು ಅಟ್ಲಾಂಟಿಕ್ ಕರಾವಳಿಯಿಂದ ಹೊರಟು ಪಶ್ಚಿಮಕ್ಕೆ ನಡೆಯಲಿ. ಮೊದಲು ಸಿಕ್ಕುವುದು ಉತ್ತರ ಕರೋಲಿನದ ಪೂರ್ವಭಾಗ. ಇಲ್ಲಿ ಹಿಂದೆ ಹಂದಿಗಳನ್ನು ಕಾಡಿನಲ್ಲಿ ಮೇಯಲು ಬಿಡುತ್ತಿದ್ದರು. ಸಾಕುವ ಖರ್ಚು ಕಡಿಮೆ. ಆದುದರಿಂದ ಇಲ್ಲಿ ಇಡೀ ಹಂದಿಯನ್ನೇ ಸೀಳಿ ಕೆಂಡದ ಮೇಲೆ ಹರಡಿ ಬೇಯಿಸುತ್ತಾರೆ. ಓಕ್ ಅಥವಾ ಹಿಕರಿ ಮರದ ಸೌದೆಯನ್ನು ಬೇರೆಯಾಗಿ ಉರಿಸಿ, ಕೆಂಡವನ್ನು ಸಲಿಕೆಯಿಂದ ತಂದು ಒಲೆಗೆ ಹರಡುವುದು ಪದ್ಧತಿ. ಬೆಂದ ಮಾಂಸವನ್ನು ಕೊಚ್ಚಿ ವಿನಿಗರ್, ಉಪ್ಪು, ಮೆಣಸಿನಕಾಯಿ ಬೆರೆಸುತ್ತಾರೆ, ಟೊಮೇಟೊ ಸೋಂಕಕೂಡದು. ಏಡನ್ ಎಂಬ ಸಣ್ಣ ಊರಿನಲ್ಲಿ ೧೯೪೭ರಲ್ಲಿ ಪ್ರಾರಂಭವಾದ ಸ್ಕೈಲೈಟ್ ಇನ್ ಈ ಸಂಪ್ರದಾಯಕ್ಕೆ ಹೆಸರಾಗಿದೆ.

ಅದೇ ರಾಜ್ಯದಲ್ಲಿ ಪಶ್ಚಿಮಕ್ಕೆ ಹೋಗಿ ಲೆಕ್ಸಿಂಗ್ಟನ್ ಪಟ್ಟಣವನ್ನು ಮುಟ್ಟಿದರೆ ನಿಯಮ ಬದಲಾಗುತ್ತದೆ. ಇಲ್ಲಿ ಇಡೀ ಹಂದಿಯ ಬದಲು ಹೆಗಲಿನ ಮಾಂಸ ಮಾತ್ರ. ವಿನಿಗರಿಗೆ ಸ್ವಲ್ಪ ಟೊಮೇಟೊ ಕೆಚಪ್ ಬೆರೆತು ಸಾಸು ಕೆಂಪಾಗಿರುತ್ತದೆ. ಈ ಊರಿನಲ್ಲಿ ನ್ಯಾಯಾಲಯದ ಕಲಾಪಗಳಿಗೆ ಹಳ್ಳಿಗಳಿಂದ ಜನ ಸೇರುತ್ತಿದ್ದ ವಾರಗಳಲ್ಲಿ ಬಯಲಿನಲ್ಲಿ ಡೇರೆ ಹಾಕಿ ಮಾರುತ್ತಿದ್ದುದೇ ಮುಂದೆ ಸ್ಥಿರವಾದ ಅಂಗಡಿಗಳಿಗೆ ಮೂಲ. ಡೇರೆಯ ವ್ಯಾಪಾರಕ್ಕೆ ಇಡೀ ಹಂದಿಗಿಂತ ಹೆಗಲು ಅನುಕೂಲವಾಗಿದ್ದಿರಬೇಕು. ಇನ್ನು ಕೆಚಪ್ಪಿನ ಮಾತು. ಹೈಂಜ್ ಕಂಪನಿಯು ಅದನ್ನು ಸೀಸೆಗಳಲ್ಲಿ ಮಾರಲಾರಂಭಿಸಿದ್ದು ೧೮೭೬ರಲ್ಲಿ. ಹಾಗೆ ನೋಡಿದರೆ ಪೂರ್ವದ ವಿನಿಗರ್ ಸಾಸು ಕಾರ್ಖಾನೆಗಳಿಗಿಂತ ಹಿಂದಿನ ಕಾಲದ್ದು. ಪಶ್ಚಿಮದ ಕೆಂಪು ಸಾಸು ಕಾರ್ಖಾನೆಗಳು ಬಂದ ಮೇಲಿನದು.

ದಕ್ಷಿಣ ಕರೋಲಿನದ ನಡುನಾಡಿನಲ್ಲಿ ಸಾಸು ಹಳದಿ. ಅದರ ಮುಖ್ಯ ದ್ರವ್ಯ ಸಾಸಿವೆ. ೧೮ನೆಯ ಶತಮಾನದಲ್ಲಿ ಇಲ್ಲಿಗೆ ಬಂದು ನೆಲಸಿದ ಜರ್ಮನರಿಂದ ಈ ರುಚಿ ಬಂದಿತೆಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

೪. ಅಲಬಾಮ ಮತ್ತು ಕೆಂಟಕಿ

ಇಲ್ಲಿಂದ ಒಳನಾಡಿಗೆ ಹೋದರೆ, ಅಲಬಾಮ ರಾಜ್ಯದ ಡೆಕೇಟರ್ ಎಂಬ ಊರಿನಲ್ಲಿ ಸಾಸು ಅಚ್ಚ ಬಿಳುಪು. ರೈಲ್ವೆಯಲ್ಲಿ ಕೆಲಸಮಾಡುತ್ತಿದ್ದ ಬಾಬ್ ಗಿಬ್ಸನ್ ಎಂಬವರು ೧೯೨೫ರಲ್ಲಿ ಬಾರ್ಬೆಕ್ಯೂ ಅಂಗಡಿಯನ್ನು ತೆರೆದರು. ಮೊಟ್ಟೆ ಎಣ್ಣೆಗಳಿಂದಾಗುವ ಮಯೊನೇಸಿಗೆ ವಿನಿಗರ್ ಮತ್ತು ಕರಿಮೆಣಸು ಸೇರಿಸಿ, ಹೊಗೆಯಲ್ಲಿ ಬೆಂದ ಕೋಳಿಯನ್ನು ಅದರಲ್ಲಿ ಅದ್ದಿ ತೆಗೆದರು. ಒಬ್ಬರ ಕಲ್ಪನೆ ಒಂದು ಸೀಮೆಯ ಸಂಪ್ರದಾಯವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಉತ್ತರಕ್ಕೆ, ಓಹಯೋ ನದಿಯ ದಂಡೆಯಲ್ಲಿರುವ ಕೆಂಟಕಿಯ ಓವೆನ್ಸ್‌ಬರೋ ಪಟ್ಟಣದಲ್ಲಿ ಕುರಿಯ ಮಾಂಸವೇ ಪ್ರಧಾನ. ಆ ದೇಶದ ಬೇರೆ ಕಡೆಗಳಲ್ಲಿ ಇದು ಅಪರೂಪ. ೧೯ನೆಯ ಶತಮಾನದಲ್ಲಿ ಈ ಭಾಗದಲ್ಲಿ ಉಣ್ಣೆಗಾಗಿ ಕುರಿ ಸಾಕುತ್ತಿದ್ದರು. ಉಣ್ಣೆ ಕೊಟ್ಟು ಮುದಿಯಾದ ಕುರಿಯ ಮಾಂಸ ಒರಟು. ಅದನ್ನು ತಿನ್ನುವಂತೆ ಮಾಡಲು ಸಣ್ಣ ಬೆಂಕಿಯೇ ಗತಿ. ಕ್ಯಾಥೊಲಿಕ್ ಚರ್ಚುಗಳ ಬೇಸಗೆಯ ಸಂತರ್ಪಣೆಗಳು ಈ ಪದ್ಧತಿಯನ್ನು ಉಳಿಸಿಕೊಂಡು ಬಂದಿವೆ.

೫. ಮೆಂಫಿಸ್ ಮತ್ತು ಕ್ಯಾನ್ಸಸ್ ಸಿಟಿ

ಮಿಸಿಸಿಪಿ ನದಿಯ ಬಂದರಾದ ಮೆಂಫಿಸಿನಲ್ಲಿ ಹಂದಿಯ ಪಕ್ಕೆಲುಬಿಗೆ ಪ್ರಾಧಾನ್ಯ. ಸಾಸು ಸವರಿದ ‘ಒದ್ದೆ’ ಮತ್ತು ಮಸಾಲೆಪುಡಿ ಉದುರಿಸಿದ ‘ಒಣ’ ಎಂದು ಇದರಲ್ಲಿ ಎರಡು ಬಗೆ. ನದಿಯ ವ್ಯಾಪಾರದಿಂದ ಕಾಕಂಬಿಯೂ ಬಗೆಬಗೆಯ ಸಂಬಾರ ಪದಾರ್ಥಗಳೂ ಸುಲಭವಾಗಿ ಸಿಕ್ಕುತ್ತಿದ್ದುದರಿಂದ ಇಲ್ಲಿಯ ಸಾಸಿನಲ್ಲಿ ಸಿಹಿಯೂ ಪುಡಿಯಲ್ಲಿ ವೈವಿಧ್ಯವೂ ಕಂಡುಬರುತ್ತವೆ. ಒಣ ಬಗೆಯನ್ನು ಪ್ರಸಿದ್ಧಿಗೆ ತಂದ ರಾಂಡೆವೂ ಭೋಜನಶಾಲೆಯನ್ನು ೧೯೪೮ರಲ್ಲಿ ತೆರೆದ ಚಾರ್ಲಿ ವರ್ಗಾಸರು ಗ್ರೀಕ್ ಮನೆತನದವರು. ಅವರ ಮಸಾಲೆಯಲ್ಲಿ ಗ್ರೀಕರ ಒರೆಗಾನೊ ಸೊಪ್ಪು ಸೇರಿದುದು ಸಹಜವೇ ಸರಿ.

ಮೆಂಫಿಸಿನ ಬಳಿ ಹುಟ್ಟಿದ ಹೆನ್ರಿ ಪೆರಿ ಎಂಬ ಆಫ್ರಿಕನ್ ಮೂಲದವರು ನದಿಯ ಹಬೆಹಡಗುಗಳ ಅಡುಗೆಮನೆಯಲ್ಲಿ ದುಡಿದು, ಕೊನೆಗೆ ಮಿಸೂರಿ ರಾಜ್ಯದ ಕ್ಯಾನ್ಸಸ್ ಸಿಟಿಗೆ ಬಂದರು. ಸುಮಾರು ೧೯೦೮ರಲ್ಲಿ ಅವರು ಬಟ್ಟೆ ಕಾರ್ಖಾನೆಗಳಿದ್ದ ಬೀದಿಯ ಓಣಿಯೊಂದರಲ್ಲಿ ನಿಂತು, ಹೊಗೆಯಲ್ಲಿ ಬೆಂದ ಮಾಂಸವನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೂಲಿಗಾರರಿಗೆ ಮಾರತೊಡಗಿದರು. ಅವರ ಸಾಸು ಬಹಳ ಖಾರವಾಗಿದ್ದಿತು. ೧೯೪೦ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಬಳಿ ಕೆಲಸ ಕಲಿತ ಚಾರ್ಲಿ ಬ್ರಯಂಟ್, ಅನಂತರ ೧೯೪೬ರಲ್ಲಿ ತಮ್ಮನಾದ ಆರ್ಥರ್ ಬ್ರಯಂಟ್, ಅಂಗಡಿಯನ್ನು ನಡೆಸಿದರು. ಪೆರಿಯವರಲ್ಲಿ ಪಳಗಿದ ಮತ್ತೊಬ್ಬ ಪಾಕಪ್ರವೀಣರ ನೆರವಿನಿಂದ ಅದೇ ೧೯೪೬ರಲ್ಲಿ ಗೇಟ್ಸ್ ಎಂಬ ಅಂಗಡಿ ಎದ್ದಿತು. ಆ ನಗರದ ಎರಡು ಪ್ರಖ್ಯಾತ ಮನೆತನಗಳೂ ಹೀಗೆ ಒಬ್ಬ ಗುರುವಿನ ಪರಂಪರೆಯವು.

ಇಲ್ಲಿ ದನ, ಹಂದಿ, ಕೋಳಿ, ಎಲ್ಲವೂ ಉಂಟು. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ೧೮೭೧ರಿಂದ ೧೯೯೧ರ ವರೆಗೆ ಇಲ್ಲಿ ದೊಡ್ಡ ಜಾನುವಾರು ಪೇಟೆಯಿದ್ದಿತು. ರೈಲಿನ ಮೇಲೆ ಎಲ್ಲ ದಿಕ್ಕುಗಳಿಂದ ಪ್ರಾಣಿಗಳು ಬರುತ್ತಿದ್ದುವು. ಟೊಮೇಟೊ ಮತ್ತು ಕಾಕಂಬಿಯ ಗಟ್ಟಿಯಾದ ಸಿಹಿ ಸಾಸು ಈ ಊರಿನ ಹೆಸರಿನಲ್ಲಿ ಈಗ ಲೋಕಪ್ರಸಿದ್ಧವಾಗಿದೆ. ಖಾರದಿಂದ ಪ್ರಾರಂಭವಾದ ಊರು ಸಿಹಿಗೆ ಹೆಸರಾದುದು ಒಂದು ವಿಪರ್ಯಾಸ.

೬. ಟೆಕ್ಸಸ್

ಟೆಕ್ಸಸ್ ರಾಜ್ಯಕ್ಕೆ ಬಂದರೆ ಹುಲ್ಲುಗಾವಲುಗಳ ನಾಡು, ದನವೇ ಮುಖ್ಯ. ಈ ಒಂದೇ ರಾಜ್ಯದಲ್ಲಿ ನಾಲ್ಕು ಬಗೆಗಳನ್ನು ಗುರುತಿಸುತ್ತಾರೆ. ಮಧ್ಯ ಟೆಕ್ಸಸಿಗೆ ೧೯ನೆಯ ಶತಮಾನದಲ್ಲಿ ಜರ್ಮನರೂ ಚೆಕ್ ಜನರೂ ವಲಸೆ ಬಂದು ಮಾಂಸದ ಅಂಗಡಿಗಳನ್ನಿಟ್ಟರು. ಮಾರಾಟವಾಗದೆ ಉಳಿದುದು ಕೆಡದಿರಲೆಂದು ಹೊಗೆಯಲ್ಲಿ ಬೇಯಿಸಿಡುತ್ತಿದ್ದರು. ಹತ್ತಿ ಬಿಡಿಸಲು ಬಂದ ಕೂಲಿಗಾರರು ಅದನ್ನು ಕೊಂಡು, ಕಟ್ಟಿಕೊಟ್ಟ ಕಾಗದದ ಮೇಲೆಯೇ ಇಟ್ಟು ಕೈಯಲ್ಲಿ ತಿನ್ನುತ್ತಿದ್ದರು. ಇಂದಿಗೂ ಅಲ್ಲಿ ಕಾಗದವೇ ತಟ್ಟೆ. ಉಪ್ಪು ಮೆಣಸುಗಳೇ ಮಸಾಲೆ, ಪೋಸ್ಟ್ ಓಕ್ ಎಂಬ ಮರದ ಸೌದೆ. ದನದ ಎದೆಯ ಮಾಂಸವಾದ ಬ್ರಿಸ್ಕೆಟ್ಟೇ ಅಲ್ಲಿಯ ಹೆಮ್ಮೆ. ಲಾಕ್ಹಾರ್ಟ್ ಪಟ್ಟಣದ ಕ್ರೈಟ್ಸ್ ಮಾರ್ಕೆಟ್ ೧೯೦೦ರಲ್ಲಿ ಪ್ರಾರಂಭವಾಯಿತು. ೧೯೯೯ರಲ್ಲಿ ಅದನ್ನು ನಡೆಸುತ್ತಿದ್ದ ಮನೆತನದಲ್ಲಿ ಭಿನ್ನಾಭಿಪ್ರಾಯ ಬಂದು ಅಂಗಡಿ ಹೊಸ ಕಟ್ಟಡಕ್ಕೆ ಹೋದಾಗ, ಹಳೆಯ ಒಲೆಯ ಕೆಂಡವನ್ನು ತೊಟ್ಟಿಯಲ್ಲಿ ಹಾಕಿ ಬೀದಿಯಲ್ಲಿ ಎಳೆದುಕೊಂಡು ಹೋಗಿ ಹೊಸ ಒಲೆ ಹೊತ್ತಿಸಿದರು. ಮನೆ ಬೇರೆಯಾದರೂ ಬೆಂಕಿ ಬೇರೆಯಾಗಲಿಲ್ಲ.

ಪೂರ್ವ ಟೆಕ್ಸಸಿನಲ್ಲಿ ಹಳೆಯ ದಕ್ಷಿಣ ರಾಜ್ಯಗಳಿಂದ ಬಂದ ಕಪ್ಪು ಜನರ ಪದ್ಧತಿ ಉಳಿದಿದೆ. ಮಾಂಸ ಬಹಳ ಮೆತ್ತಗೆ, ಸಾಸು ಸಿಹಿ. ಪಶ್ಚಿಮದ ಒಣನಾಡಿನಲ್ಲಿ ದನಗಾಹಿಗಳು ಮೆಸ್ಕೀಟ್ ಮರದ ಕೆಂಡದ ಮೇಲೆ ನೇರವಾಗಿ ಬೇಯಿಸುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಎಲ್ಲೆಲ್ಲಿಯೂ ಹಬ್ಬಿರುವ ಬಳ್ಳಾರಿ ಜಾಲಿಯು ಈ ಮೆಸ್ಕೀಟಿನ ಹತ್ತಿರದ ದಾಯಾದಿ ಎಂಬುದನ್ನು ವಾಚಕರು ನೆನೆಯಬಹುದು. ಇನ್ನು ದಕ್ಷಿಣದ ಗಡಿನಾಡಿನಲ್ಲಿ, ದನದ ಹಟ್ಟಿಗಳಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಆಳುಗಳಿಗೆ ಯಜಮಾನರು ಬೇಡವೆಂದು ಬಿಟ್ಟ ದನದ ತಲೆ ಸಿಕ್ಕುತ್ತಿದ್ದಿತು. ಅದನ್ನು ಸುತ್ತಿ ಕೆಂಡದ ಗುಂಡಿಯಲ್ಲಿ ಹೂತು ರಾತ್ರಿಯೆಲ್ಲ ಬೇಯಿಸಿದರು. ಈ ಭಾನುವಾರದ ಊಟಕ್ಕೆ ಇಂದಿಗೂ ‘ಬಾರ್ಬಕೋವ’ ಎಂದೇ ಹೆಸರು. ಬ್ರೌನ್ಸ್‌ವಿಲ್ ಪಟ್ಟಣದಲ್ಲಿ ೧೯೫೫ರಿಂದ ಇರುವ ವೆರಾಸ್ ಎಂಬ ಅಂಗಡಿ ನೆಲದ ಗುಂಡಿಯನ್ನು ಬಿಡದೆ ಉಳಿಸಿಕೊಂಡಿರುವುದಕ್ಕೆ ಪ್ರಸಿದ್ಧವಾಗಿದೆ.

೭. ಒಲೆಯ ಮುಂದಿನ ಕೈಗಳು

ಇಷ್ಟರಿಂದ ನೆಲ, ಸೌದೆ, ಪ್ರಾಣಿ, ವಲಸೆ, ವ್ಯಾಪಾರ ಇವುಗಳು ರುಚಿಯನ್ನು ರೂಪಿಸಿದ ಬಗೆ ತಿಳಿಯಿತು. ಆದರೆ ಇಲ್ಲಿಗೆ ನಿಲ್ಲಿಸಿದರೆ ವಿಷಯದ ಅರ್ಧವನ್ನು ಹೇಳಿದಂತಾಗುತ್ತದೆ. ವಾಷಿಂಗ್ಟನ್ನರ ಕಾಲದ ಔತಣಗಳಲ್ಲಿ ಗುಂಡಿ ತೋಡಿ, ಸೌದೆ ಕಡಿದು, ಇರುಳೆಲ್ಲ ನಿದ್ದೆಗೆಟ್ಟವರು ಯಾರು? ಬಹುಮಟ್ಟಿಗೆ ಗುಲಾಮರಾಗಿದ್ದ ಆಫ್ರಿಕನ್ ಜನರು. ಅತಿಥಿಗಳ ಹೆಸರು ದಿನಚರಿಗಳಲ್ಲಿ ಉಳಿದುವು. ಇವರ ಹೆಸರು ಬಹುಪಾಲು ಉಳಿಯಲಿಲ್ಲ.

ಅದೃಷ್ಟವಶಾತ್, ೧೯೩೦ರ ದಶಕದಲ್ಲಿ ಅಮೆರಿಕಾ ಸರ್ಕಾರವು ಹಿಂದೆ ಗುಲಾಮರಾಗಿದ್ದ ವೃದ್ಧರ ನೆನಪುಗಳನ್ನು ಬರೆಸಿಡುವ ಏರ್ಪಾಡು ಮಾಡಿತು. ಅವರಲ್ಲಿ ದಕ್ಷಿಣ ಕರೋಲಿನದ ವೆಸ್ಲಿ ಜೋನ್ಸ್ ಎಂಬ ವಯೋವೃದ್ಧರು, ಔತಣದ ಹಿಂದಿನ ರಾತ್ರಿಯೆಲ್ಲ ತಾವು ಎಚ್ಚರವಾಗಿದ್ದು ಮಾಂಸಕ್ಕೆ ಸಾಸು ಸವರುತ್ತಿದ್ದುದನ್ನು ಹೇಳಿದ್ದಾರೆ. ಅದರಲ್ಲಿ ಏನೇನು ಇದ್ದಿತೆಂಬುದನ್ನೂ ಎಣಿಸಿದ್ದಾರೆ: ವಿನಿಗರ್, ಕರಿಮೆಣಸು, ಮೆಣಸಿನಕಾಯಿ, ಉಪ್ಪು, ಬೆಣ್ಣೆ, ಕೊತ್ತಂಬರಿ, ಈರುಳ್ಳಿ, ಬೆಳ್ಳುಳ್ಳಿ ಇತ್ಯಾದಿ. ಎಷ್ಟೋ ದಶಕಗಳ ಮೇಲೂ ಒಂದು ಸಾಮಾನನ್ನೂ ಮರೆಯದಂತಿರುವ ಈ ಪಟ್ಟಿಯನ್ನು ಓದಿದಾಗ, ಇದು ಕೇವಲ ಆಳಿನ ದುಡಿಮೆಯಲ್ಲ, ಪಳಗಿದ ವಿದ್ಯೆ ಎಂಬುದು ಮನವರಿಕೆಯಾಗುತ್ತದೆ. ಗುಲಾಮಗಿರಿ ಮುಗಿದ ಮೇಲೆ ಈ ವಿದ್ಯೆಯೇ ಅನೇಕರಿಗೆ ಸ್ವತಂತ್ರ ಜೀವನಕ್ಕೆ ದಾರಿಯಾಯಿತು. ೧೮೬೫ರ ಜೂನ್ ೧೯ರಂದು ಟೆಕ್ಸಸಿನಲ್ಲಿ ವಿಮೋಚನೆಯ ಸುದ್ದಿ ಸಾರಲ್ಪಟ್ಟಿತು. ಆ ದಿನದ ವಾರ್ಷಿಕ ಹಬ್ಬದಲ್ಲಿ ಬಾರ್ಬೆಕ್ಯೂ ಮೊದಲಿನಿಂದಲೂ ಇದೆ. ೨೦೨೧ರಲ್ಲಿ ಅದು ರಾಷ್ಟ್ರೀಯ ರಜಾದಿನವೂ ಆಯಿತು.

ಆದರೂ ಅಡುಗೆ ಮಾಡಿದವರಿಗೆ ಕುಳಿತು ಉಣ್ಣುವ ಹಕ್ಕು ಬಹುಕಾಲ ಸಿಕ್ಕಲಿಲ್ಲ. ಅಲಬಾಮದ ಬರ್ಮಿಂಗ್‌ಹ್ಯಾಮ್ ನಗರದಲ್ಲಿದ್ದ ಆಲೀಸ್ ಬಾರ್ಬೆಕ್ಯೂ ಎಂಬ ಭೋಜನಶಾಲೆಯ ಮೊಕದ್ದಮೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ಕೆಲಸಕ್ಕಿದ್ದ ೩೬ ಮಂದಿಯಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಜನರು. ಆದರೆ ಕಪ್ಪು ಗಿರಾಕಿಗಳು ಪೊಟ್ಟಣ ಕಟ್ಟಿಸಿಕೊಂಡು ಹೋಗಬಹುದಾಗಿತ್ತೇ ಹೊರತು ಒಳಗೆ ಕುಳಿತು ತಿನ್ನುವಂತಿರಲಿಲ್ಲ. ೧೯೬೪ರ ಜುಲೈ ತಿಂಗಳಲ್ಲಿ ಪೌರಹಕ್ಕುಗಳ ಶಾಸನ ಈ ಭೇದವನ್ನು ನಿಷೇಧಿಸಿತು. ತಮ್ಮದು ಸ್ಥಳೀಯ ವ್ಯಾಪಾರ, ಕೇಂದ್ರದ ಶಾಸನ ತಮಗೆ ಅನ್ವಯಿಸದು ಎಂದು ಮಾಲೀಕರು ವಾದಿಸಿದರು. ಲೆಕ್ಕ ತೆಗೆದು ನೋಡಲಾಗಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಅವರು ಕೊಂಡ ಸುಮಾರು ಒಂದೂವರೆ ಲಕ್ಷ ಡಾಲರಿನ ಆಹಾರಪದಾರ್ಥದಲ್ಲಿ ಶೇಕಡ ೪೬ರಷ್ಟು ಬೆಲೆಯ ಮಾಂಸವು ಹೊರರಾಜ್ಯಗಳಿಂದ ತರಿಸಿದ ವರ್ತಕನೊಬ್ಬನಿಂದ ಬಂದುದು! ಆದುದರಿಂದ ಈ ವ್ಯಾಪಾರ ಅಂತರರಾಜ್ಯ ವಾಣಿಜ್ಯಕ್ಕೆ ಸಂಬಂಧಪಟ್ಟದ್ದೆಂದು ಪರಮೋಚ್ಚ ನ್ಯಾಯಾಲಯವು ೧೯೬೪ರ ಡಿಸೆಂಬರ್ ೧೪ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಪಂಕ್ತಿಭೇದ ಕಾನೂನಿನ ಮಟ್ಟಿಗೆ ಮುಗಿಯಿತು.

ಮನ್ನಣೆಯಲ್ಲಿನ ಭೇದ ಅಷ್ಟು ಬೇಗ ಮುಗಿಯುವುದಲ್ಲ. ಪತ್ರಿಕೆಗಳೂ ದೂರದರ್ಶನವೂ ಬಾರ್ಬೆಕ್ಯೂ ಪ್ರವೀಣರೆಂದು ತೋರಿಸುವವರಲ್ಲಿ ಕಪ್ಪು ಜನರು ವಿರಳವೆಂಬ ದೂರನ್ನು ಏಡ್ರಿಯನ್ ಮಿಲ್ಲರ್ ಎಂಬ ಲೇಖಕರು ೨೦೨೧ರಲ್ಲಿ ಪ್ರಕಟವಾದ ‘ಬ್ಲ್ಯಾಕ್ ಸ್ಮೋಕ್’ ಎಂಬ ಗ್ರಂಥದಲ್ಲಿ ಸವಿಸ್ತಾರವಾಗಿ ಚರ್ಚಿಸಿದ್ದಾರೆ. ಸಮಾಧಾನದ ಸಂಗತಿಗಳೂ ಇಲ್ಲದಿಲ್ಲ. ದಕ್ಷಿಣ ಕರೋಲಿನದ ಹೆಮಿಂಗ್‌ವೇ ಎಂಬ ಸಣ್ಣ ಊರಿನಲ್ಲಿ ಹುಡುಗನಾಗಿದ್ದಾಗಲೇ ಇಡೀ ಹಂದಿ ಬೇಯಿಸಲು ಕಲಿತ ರಾಡ್ನಿ ಸ್ಕಾಟ್ ಎಂಬ ಕಪ್ಪು ಪಾಕಪ್ರವೀಣರಿಗೆ ೨೦೧೮ರಲ್ಲಿ ಆ ದೇಶದ ಗೌರವದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ದೊರೆಯಿತು.

೮. ಉಪಸಂಹಾರ

ಈ ಪರಿಶೀಲನೆಯಿಂದ ವಿದ್ಯಾರ್ಥಿಗಳಾದ ನಾವು ಕಲಿಯಬಹುದಾದುದೇನು? ಯಾವ ಸೀಮೆಯ ಊಟವನ್ನೇ ಆಗಲಿ ಹೋಲಿಸಿ ನೋಡುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಆ ನೆಲದಲ್ಲಿ ಸುಲಭವಾಗಿ ಸಿಕ್ಕುತ್ತಿದ್ದುದು ಏನು? ಯಾವ ಸೌದೆಯಿಂದ ಬೆಂಕಿ ಮಾಡಿದರು? ಯಾವ ಯಾವ ಜನರು ಎಲ್ಲಿಂದ ಬಂದು ಅಲ್ಲಿ ಬೆರೆತರು? ಕೊನೆಯದಾಗಿ, ಬೇಯಿಸಿದವರು ಯಾರು, ಹೆಸರು ಪಡೆದವರು ಯಾರು? ಮೊದಲಿನ ಮೂರು ಪ್ರಶ್ನೆಗಳಿಂದ ರುಚಿಯ ಭೇದಗಳು ತಿಳಿಯುತ್ತವೆ. ನಾಲ್ಕನೆಯದನ್ನು ಕೇಳದಿದ್ದರೆ ಚರಿತ್ರೆ ತಿಳಿದಂತಾಗುವುದಿಲ್ಲ.

ತಮ್ಮ ಊರಿನದೇ ಶ್ರೇಷ್ಠವೆಂದು ವಾದಿಸುವವರು ವಾದಿಸಲಿ. ಅದರಲ್ಲಿ ಒಂದು ಸೊಗಸಿದೆ. ಆದರೆ ಟೈನೋ ಜನರ ಅಟ್ಟಣಿಗೆ, ಆಫ್ರಿಕನ್ನರ ಕೈ, ಜರ್ಮನರ ಸಾಸಿವೆ, ಗ್ರೀಕರ ಸೊಪ್ಪು, ಮೆಕ್ಸಿಕನ್ನರ ಗುಂಡಿ—ಇವೆಲ್ಲವೂ ಕೂಡಿ ಆದ ಪಾಕವನ್ನು ಯಾರೊಬ್ಬರೂ ತಮ್ಮದು ಮಾತ್ರವೆಂದು ಹೇಳಲಾರರು. ಮುಂದೆ ನಮ್ಮಲ್ಲಿ ಯಾರಿಗಾದರೂ ಆ ದೇಶಕ್ಕೆ ಹೋಗುವ ಅವಕಾಶ ಒದಗಿದರೆ, ಅಂಗಡಿಯ ಮುಂಭಾಗದ ಹಲಗೆಯನ್ನು ಓದಿ ಹಿಂತಿರುಗದೆ, ಹಿತ್ತಲಿನ ಒಲೆಯ ಬಳಿಗೂ ಹೋಗಿ, ಅಲ್ಲಿ ಸಲಿಕೆ ಹಿಡಿದು ನಿಂತವರ ಹೆಸರನ್ನು ಕೇಳಿ ತಿಳಿದು ಬರಲಿ.